ಕರಿಬಸವಯ್ಯನವರು ತಲೆ ತಗ್ಗಿಸದ ದಿನ

"ಕೂತಾಗಲೇ ಇಷ್ಟಿದೆ. ಮಲಗಿದ್ರೆ ಎಷ್ಟಾಗುತ್ತೆ ಅನ್ನೋದೇ ನನಗೀಗ ಯೋಚನೆ," ಎಂದರು ಡಾಕ್ಟರ್ ಜ್ಯೋತ್ಸ್ನಾ, ಮಿಷನ್ನಿನ ಹಿಂದಿನಿಂದ ಮುಖ ಹೊರಗೆ ತೆಗೆದು.

ಜಯನಗರ ನಾಲ್ಕನೇ ಬ್ಲಾಕಿನ ಆ ಕಣ್ಣಿನ ಕ್ಲಿನಿಕ್ಕಿನಲ್ಲಿ ಗಲ್ಲವನ್ನು ಪಟ್ಟಿಯ ಮೇಲೆ ಊರಿ ಕೂತಿದ್ದ ಕರಿಬಸವಯ್ಯನವರಿಗೆ ತಲೆಬುಡ ಅರ್ಥವಾಗಲಿಲ್ಲ. ಬನಶಂಕರಿಯಲ್ಲಿ ಸ್ಟೀಲ್ ಪಾತ್ರೆ ಅಂಗಡಿ ಇಟ್ಟು ಅರ್ಧ ಆಯಸ್ಸು ಕುಕ್ಕರ್ ಮಾರಿದವರಿಗೆ ಪ್ರೆಶರ್ ಎಂದರೇನೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆದರೆ ಕುಕ್ಕರನ್ನು ಮಲಗಿಸಿದರೆ ಪ್ರೆಶರ್ ಏರುತ್ತದೆ ಎಂದು ಇದುವರೆಗೆ ಯಾವ ಕಂಪನಿಯವನೂ ಹೇಳಿರಲಿಲ್ಲ.

"ಬಿ.ಪಿ. ಅಲ್ಲ ಇದು, ಕಣ್ಣೊಳಗಿನ ಪ್ರೆಶರ್," ಎಂದು ಡಾಕ್ಟರು ಬಿಡಿಸಿ ಹೇಳಿದರು. "ಕೂತಾಗ ಕಡಿಮೆ ಇರುತ್ತೆ, ಮಲಗಿದ್ರೆ ಏರುತ್ತೆ. ತಲೆ ಕೆಳಗಾದ್ರೆ ಇನ್ನೂ ಏರುತ್ತೆ. ಎಲ್ಲರಿಗೂ ಅಷ್ಟೇ. ನಿಮ್ಮ ಕಣ್ಣು ಅದನ್ನ ತಡ್ಕೊಳ್ಳುತ್ತಾ ಅನ್ನೋದು ಪ್ರಶ್ನೆ. ನಿಮ್ಮ ತಂದೆಯವರಿಗೂ ಹೀಗೇ ಇತ್ತು ಅಂದ್ರಲ್ಲ?"

ಇತ್ತು. ಅಪ್ಪ ಕಡೆಗಾಲದಲ್ಲಿ ಎದುರಿಗೆ ಕೂತ ಮಗನನ್ನು ಕೆಮ್ಮಿನಿಂದ ಗುರುತು ಹಿಡಿಯುತ್ತಿದ್ದರು.

"ಇವತ್ತು ಸಂಜೆ ನಮ್ಮ ಸುರಭಿ ನಿಮ್ಮನೆಗೆ ಬರ್ತಾಳೆ, ಕೈಯಲ್ಲಿ ಹಿಡಿಯೋ ಮಿಷನ್ ತರ್ತಾಳೆ. ನೀವು ಮಲಗಿದ್ದ ಹಾಗೇ ಪ್ರೆಶರ್ ನೋಡ್ತಾಳೆ. ಮಂಚಕ್ಕೆ ಇಟ್ಟಿಗೆ ಕೊಟ್ಟು ನಿಮ್ಮ ತಲೆ ಇರೋ ಕಡೆ ಎತ್ತರ ಮಾಡ್ಕೊಳ್ಳಿ. ದಿಂಬು ಪೇರಿಸಬೇಡಿ, ಕತ್ತು ಮಡಚುತ್ತೆ. ಹಾಗೆ ಮಲಗಿದಾಗ ಕಂಟ್ರೋಲಲ್ಲಿದ್ರೆ ಡ್ರಾಪ್ಸಲ್ಲೇ ಮುಗಿಸೋಣ. ಅದಕ್ಕೂ ಏರ್ತಾ ಇದ್ರೆ ಆಪರೇಷನ್‌ಗೆ ಡೇಟ್ ಹಾಕೋದೇ. ಅಲ್ಲೀವರೆಗೆ ಬಗ್ಗೋದು, ಭಾರ ಎತ್ತೋದು ಬೇಡ. ತಲೆ ಎದೆಗಿಂತ ಕೆಳಗೆ ಹೋಗಬಾರದು. ಗೊತ್ತಾಯ್ತಾ?"

ಗೊತ್ತಾಗಿದ್ದು ಕರಿಬಸವಯ್ಯನವರಿಗಲ್ಲ, ಪಕ್ಕದಲ್ಲಿ ಕೂತಿದ್ದ ಅವರ ಹೆಂಡತಿ ಗಿರಿಜಾದೇವಿಗೆ. ಆಕೆ ಡಾಕ್ಟರ ಮಾತನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಂತೆ ಭದ್ರವಾಗಿ ಹಿಡಿದುಕೊಂಡು ಹೊರಗೆ ಬಂದರು. ಬರುವಷ್ಟರಲ್ಲಿ ಅದು ಬೆಳೆದಿತ್ತು.

"ರೀ! ಚಪ್ಪಲಿ ನೋಡೋಕೆ ತಲೆ ಬಗ್ಗಿಸಬೇಡಿ!"

"ಎದೆಗಿಂತ ಕೆಳಗೆ ಅಂದ್ರು ಕಣೇ. ಇದು ಬರೀ ನೋಡೋದು."

"ಇವತ್ತು ನೋಡ್ತೀರಾ, ನಾಳೆ ಆಪರೇಷನ್ ಥಿಯೇಟರಲ್ಲಿ ಮಲಗ್ತೀರಾ. ಕಾಲಲ್ಲೇ ತಡಕಿ."

ಕಾಲಲ್ಲೇ ತಡಕಿ, ಬೇರೆ ಯಾರದೋ ಎಡಗಾಲಿನ ಚಪ್ಪಲಿಯಲ್ಲಿ ಬಲಗಾಲು ತುರುಕಿ, ಬೈಸಿಕೊಂಡು, ಕಡೆಗೂ ಸ್ವಂತದ್ದು ಸಿಕ್ಕಿತು. ಮುಂದೆ ಆಟೋ. ಆಟೋ ಹತ್ತಲು ಮನುಷ್ಯ ತಲೆ ಬಗ್ಗಿಸಲೇಬೇಕೆಂದು ಕರಿಬಸವಯ್ಯನವರಿಗೆ ಜೀವಮಾನದಲ್ಲಿ ಮೊದಲ ಸಲ ಗಮನಕ್ಕೆ ಬಂತು. ಅವರು ಬೆನ್ನು ತಿರುಗಿಸಿ, ಮೊದಲು ಕುಂಡೆಯನ್ನು ಸೀಟಿಗೆ ಒಪ್ಪಿಸಿ, ಮೊಳಕಾಲು ಮಡಚಿ, ಗಾಳಿ ಕಡಿಮೆಯಾದ ಬಲೂನಿನಂತೆ ನೆಟ್ಟಗೇ ಕುಸಿಯುತ್ತ ಒಳಗೆ ಸೇರಿದರು. ಡ್ರೈವರ್ ಕನ್ನಡಿಯಲ್ಲಿ ನೋಡಿದ.

"ಏನ್ ಸಾರ್, ಕತ್ತು ಹಿಡ್ಕೊಂಡಿದೆಯಾ?"

"ಕತ್ತಲ್ಲಪ್ಪ, ಕಣ್ಣು."

ಡ್ರೈವರ್ ಬನಶಂಕರಿ ತಲುಪುವವರೆಗೂ ಆಗಾಗ ಕನ್ನಡಿಯಲ್ಲಿ ನೋಡುತ್ತಲೇ ಇದ್ದ.

ಮನೆಯ ಗೇಟಿನ ಬಳಿ ಮಹಡಿ ಮನೆಯ ಅನಂತರಾಮು ನಿಂತಿದ್ದರು. ಇನ್ಶೂರೆನ್ಸ್ ಕಂಪನಿಯಿಂದ ರಿಟೈರಾದ ಮೇಲೆ ಬೀದಿಯ ಎಲ್ಲರ ಕಷ್ಟವೂ ತಮ್ಮ ಟೇಬಲ್ಲಿಗೆ ಬರಬೇಕೆಂದು ನಂಬಿದ್ದ ಮನುಷ್ಯ. ಜೊತೆಗೆ ಪಾರ್ಕಿನಲ್ಲಿ ಬೆಳಗ್ಗೆ ಯೋಗ ಹೇಳಿಕೊಡುವ ನೀಲಕಂಠಪ್ಪ. ಗಿರಿಜಾದೇವಿ ಬಾಯಿ ತೆರೆದರು. ಇಬ್ಬರೂ ಕಿವಿ ತೆರೆದರು.

"ಪ್ರೆಶರ್ರಾ? ಅಯ್ಯೋ, ಶೀರ್ಷಾಸನ ಮಾಡಿ!" ಎಂದರು ನೀಲಕಂಠಪ್ಪ. "ರಕ್ತ ಜರ್ರನೆ ತಲೆಗೆ ಇಳಿಯುತ್ತೆ, ಕಣ್ಣು ಫಳಫಳ ಅನ್ನುತ್ತೆ."

"ಅದನ್ನೇ ಮಾಡಬಾರದು ಅಂದಿರೋದು, ಸಾರ್. ತಲೆ ಕೆಳಗಾದ್ರೆ ಏರುತ್ತಂತೆ," ಎಂದರು ಕರಿಬಸವಯ್ಯ.

"ಯಾರು ಅಂದೋರು?"

"ಕಣ್ಣಿನ ಡಾಕ್ಟ್ರು."

"ಅವರು ಶೀರ್ಷಾಸನ ಹಾಕ್ತಾರಾ?"

"ನಾನು ಕೇಳಲಿಲ್ಲ."

"ಕೇಳಬೇಕಿತ್ತು," ಎಂದು ನೀಲಕಂಠಪ್ಪ ಗೆದ್ದವರಂತೆ ನಕ್ಕು, ಅಲ್ಲೇ ಕಾಂಪೌಂಡಿಗೆ ಕಾಲು ಆನಿಸಿ ತಲೆ ಕೆಳಗೆ ಮಾಡಿ ನಿಂತೇಬಿಟ್ಟರು. ನಿಂತ ಕೂಡಲೇ ಜುಬ್ಬಾ ಮುಖಕ್ಕೆ ಜಾರಿ, ಜೇಬಿನಿಂದ ಮೊಬೈಲು ಠಪ್ಪೆಂದು ಬಿತ್ತು. ಬಿದ್ದ ವಸ್ತುವನ್ನು ಕಂಡರೆ ಎತ್ತುವುದು ಅಂಗಡಿಯವರ ಅಭ್ಯಾಸ. ಕರಿಬಸವಯ್ಯನವರ ಸೊಂಟ ತಾನಾಗಿಯೇ ಬಗ್ಗಲು ಹೊರಟಿತು.

"ರೀ!!"

ಆ ಕೂಗಿಗೆ ಎದುರಿನ ಕಟ್ಟಡದಲ್ಲಿ ಗಾರೆ ಮೆತ್ತುತ್ತಿದ್ದ ಕೆಂಪರಾಜು ಕರಣೆ ಕೆಳಗೆ ಹಾಕಿದ. ನೀಲಕಂಠಪ್ಪ ಜುಬ್ಬಾದೊಳಗಿಂದಲೇ "ಏನಾಯ್ತು?" ಎನ್ನುತ್ತ ಗೇಟಿನ ಮೇಲೆ ವಾಲಿದರು. ಅವರನ್ನು ಬಿಡಿಸಿ ನೇರ ಮಾಡುವ ಕೆಲಸ ಅನಂತರಾಮು ಪಾಲಿಗೆ ಬಂತು. ಕರಿಬಸವಯ್ಯನವರು ಕಂಬದಂತೆ ನಿಂತು ನೋಡಿದರು. ಬಗ್ಗುವಂತಿಲ್ಲ, ಭಾರ ಎತ್ತುವಂತಿಲ್ಲ. "ಇಷ್ಟು ವರ್ಷದ ಪರಿಚಯ, ಒಂದು ಕೈ ಕೊಡಲಿಲ್ಲ ನೋಡಿ," ಎಂದು ನೀಲಕಂಠಪ್ಪ ಮೊಣಕೈ ಉಜ್ಜಿಕೊಳ್ಳುತ್ತ ಹೊರಟುಹೋದರು.

"ಹೋಗಲಿ ಬಿಡಿ. ಮಂಚದ ವಿಷಯ ನನಗೆ ಬಿಡಿ," ಎಂದರು ಅನಂತರಾಮು. "ಕೆಂಪರಾಜು ಹತ್ರ ಸಿಮೆಂಟಿನ ಸಾಲಿಡ್ ಬ್ಲಾಕ್ ಇದೆ. ನಿಮ್ಮ ಊಟ ಮುಗಿಯೋದ್ರೊಳಗೆ ಮಂಚ ರೆಡಿ."

ಊಟ ಶುರುವಾಗಬೇಕಲ್ಲ! ತಟ್ಟೆ ನೋಡಲು ತಲೆ ತಗ್ಗಿಸಬಾರದೆಂದು ಗಿರಿಜಾದೇವಿ ಊಟದ ಮೇಜಿನ ಮೇಲೆ ಹಿಟ್ಟಿನ ಡಬ್ಬ, ಅದರ ಮೇಲೆ ಮಣೆ, ಅದರ ಮೇಲೆ ತಟ್ಟೆ ಇಟ್ಟರು. ಅನ್ನ ಸಾರು ಗಲ್ಲದ ಮಟ್ಟಕ್ಕೆ ಬಂತು. ಕರಿಬಸವಯ್ಯನವರು ಭಾಷಣ ಮಾಡುವವರ ಹಾಗೆ ಕೂತು ಮೊದಲ ತುತ್ತು ಬಾಯಿಗಿಡಬೇಕು, ಬಾಗಿಲಲ್ಲಿ ದನಿ ಕೇಳಿಸಿತು.

"ಗಿರಿಜಾ, ಇದ್ದೀಯೇನವ್ವಾ?"

ಸಿದ್ದಗಂಗಮ್ಮ. ಗಿರಿಜಾದೇವಿಯ ಚಿಕ್ಕಮ್ಮ. ಗೊಟ್ಟಿಗೆರೆಯ ಮಗನ ಮನೆಯಿಂದ ಹೇಳದೆ ಕೇಳದೆ ಬಂದಿಳಿಯುವ, ಎಂಬತ್ತು ದಾಟಿದ, ನಂಟರಿಷ್ಟರಲ್ಲಿ ಯಾರು ಯಾವ ವರ್ಷ ತಮ್ಮ ಕಾಲಿಗೆ ಬೀಳಲಿಲ್ಲ ಎಂಬುದನ್ನು ಬಾಯಿಪಾಠ ಒಪ್ಪಿಸಬಲ್ಲ ಜೀವ. ಒಳಗೆ ಬಂದವರೇ ನಡುಮನೆಯಲ್ಲಿ ನಿಂತು, ಸೀರೆಯ ನೆರಿಗೆ ತುಸು ಎತ್ತಿ ಪಾದ ಮುಂದೆ ಮಾಡಿ ಕಾದರು.

ಕರಿಬಸವಯ್ಯನವರು ಎದ್ದು ಬಂದು ಕೈ ಮುಗಿದರು. "ಶರಣು, ಚಿಕ್ಕಮ್ಮ."

ಪಾದ ಅಲ್ಲೇ ಇತ್ತು.

"ಶರಣು," ಎಂದು ಇನ್ನೊಮ್ಮೆ ಹೇಳಿದರು.

"ಏನವ್ವಾ ಗಿರಿಜಾ, ಅಳಿಯಂದ್ರಿಗೆ ಬೆನ್ನು ಮರಗಟ್ಟಿದೆಯಾ?"

ಗಿರಿಜಾದೇವಿ ಕಣ್ಣು, ಪ್ರೆಶರ್, ಎದೆ, ತಲೆ ಎಂದು ಏನೇನೋ ವಿವರಿಸಿದರು. ಸಿದ್ದಗಂಗಮ್ಮ ಎಲ್ಲ ಕೇಳಿ, "ಕಣ್ಣಿಗೆ ಬಂದಿರೋದು ಸರಿ. ನನ್ನ ಕಾಲು ಏನು ಮಾಡಿತ್ತು?" ಎಂದರು. ಅಷ್ಟರಲ್ಲಿ ಕೈ ತುಂಬ ಸಿಮೆಂಟ್ ಪುಡಿ ಮಾಡಿಕೊಂಡು ಮಲಗುವ ಕೋಣೆಯಿಂದ ಅನಂತರಾಮು, ಅವರ ಹಿಂದೆ ಕೆಂಪರಾಜು ಹೊರಬಂದರು.

"ಇದೇನು ಮಹಾ! ತಲೆ ಕೆಳಗೆ ಹೋಗಬಾರದು ಅಷ್ಟೇ ತಾನೆ? ಕಾಲೇ ಮೇಲೆ ಬರಲಿ. ಅಮ್ಮಾ, ಈ ಕುರ್ಚಿ ಹತ್ತಿ."

"ಬೇಡ, ಅನಂತರಾಮು ಅವ್ರೇ," ಎಂದರು ಕರಿಬಸವಯ್ಯ.

"ನೀವು ಸುಮ್ನಿರಿ. ಸಂಪ್ರದಾಯನೂ ಉಳಿಯುತ್ತೆ, ಕಣ್ಣೂ ಉಳಿಯುತ್ತೆ. ಕೆಂಪರಾಜು, ಅಜ್ಜಿನ ಆ ಕಡೆ ಹಿಡ್ಕೋ."

ಬೇಡ ಬೇಡ ಎನ್ನುವುದರೊಳಗೆ ಸಿದ್ದಗಂಗಮ್ಮ ಕುರ್ಚಿಯ ಮೇಲೆ ಏರಿಯಾಗಿತ್ತು. ಫ್ಯಾನಿನ ಗಾಳಿಗೆ ಸೆರಗು ಹಾರತೊಡಗಿತು. ಆದರೂ ಪಾದ ಕರಿಬಸವಯ್ಯನವರ ಮೊಣಕಾಲಿನ ಮಟ್ಟಕ್ಕಷ್ಟೇ ಬಂದಿತ್ತು. "ಟೇಬಲ್," ಎಂದರು ಅನಂತರಾಮು. ಆ ಮಾತು ಕೇಳಿದ್ದೇ ಮುದುಕಿ ಕಿಟಾರನೆ ಕಿರುಚಿ, ಹಿಡಿತಕ್ಕೆ ಸಿಕ್ಕ ಅಳಿಯನ ಕೂದಲನ್ನು ಬಿಗಿಯಾಗಿ ಹಿಡಿದುಕೊಂಡರು. ಕೂದಲಿನ ಜೊತೆ ತಲೆಯೂ ಮೇಲಕ್ಕೇ ಹೋಯಿತು ಎಂಬುದೊಂದೇ ಸಮಾಧಾನ.

ಇಳಿಸಿದ ಮೇಲೆ ನೀರೂ ಮುಟ್ಟದೆ ಅವರು ಹೊರಟರು. "ನನ್ನನ್ನ ಮೆರವಣಿಗೆ ಮಾಡಿದ್ದು ಸಾಕು. ಬಗ್ಗೋ ದಿನ ಬಂದಾಗ ಹೇಳಿಕಳಿಸು ಗಿರಿಜಾ, ಬರ್ತೀನಿ."

ಸಾರು ಆರಿ ತಣ್ಣಗಾಗಿತ್ತು. ಕರಿಬಸವಯ್ಯನವರಿಗೆ ಸಾಕುಸಾಕಾಗಿತ್ತು. ನೀಲಕಂಠಪ್ಪ ಮುನಿಸಿಕೊಂಡರು, ಚಿಕ್ಕಮ್ಮ ಇಡೀ ಗೊಟ್ಟಿಗೆರೆಗೆ ಸಾರುತ್ತಾರೆ, ಆಟೋದವನು ಏನಂದುಕೊಂಡನೋ. ಆದರೆ ಬೆಳಗಿನಿಂದ ಒಂದು ಸಲವೂ ತಲೆ ತಗ್ಗಿಲ್ಲ. ಒಂದೇ ಒಂದು ಸಲವೂ ಇಲ್ಲ! ಇನ್ನು ಮಲಗುವುದೊಂದು ಬಾಕಿ. ಮಲಗುವುದರಲ್ಲಿ ತಪ್ಪಲು ಏನಿದೆ?

ಗಿರಿಜಾದೇವಿ ಕೋಣೆಯ ಪರದೆ ಎಳೆದು ಕತ್ತಲು ಮಾಡಿದರು. ನಡುಮನೆಯಲ್ಲೇ ಎರಡೂ ಕಣ್ಣಿಗೆ ಡ್ರಾಪ್ಸ್ ಬಿಟ್ಟು, "ತೆಗೀಬೇಡಿ ಕಣ್ಣು, ಔಷಧಿ ಹೊರಗೆ ಬಂದುಬಿಡುತ್ತೆ," ಎಂದು ಗಂಡನ ಕೈ ಹಿಡಿದು ಮದುಮಗನನ್ನು ಕರೆದೊಯ್ಯುವಂತೆ ಮಂಚದ ಬಳಿಗೆ ಕರೆದೊಯ್ದರು. ನೆಲದವರೆಗೆ ಇಳಿಬಿದ್ದ ಮೇಲುಹಾಸಿನ ಮಂಚ ಎತ್ತರವಾಗಿದ್ದು ಮಬ್ಬಿನಲ್ಲಿ ಕಂಡು ಗಿರಿಜಾದೇವಿಗೆ ಸಮಾಧಾನವಾಯಿತು.

"ದಕ್ಷಿಣಕ್ಕೆ ತಲೆ ಹಾಕಿ. ಹಾಂ, ಹಾಗೇ."

"ಗೊತ್ತು ಮಾರಾಯ್ತಿ. ಮದುವೆಯಾದಾಗಿಂದ ಅದೇ ತಾನೆ."

ಡ್ರಾಪ್ಸಿನ ಬಾಟಲಿಯನ್ನು ಅವರ ಮೊಣಕಾಲಿನ ಹತ್ತಿರ ಹಾಸಿಗೆಯ ಮೇಲಿಟ್ಟು ಗಿರಿಜಾದೇವಿ ಬಾಗಿಲೆಳೆದುಕೊಂಡರು. ಸ್ವಲ್ಪ ಹೊತ್ತಿಗೆ ಏನೋ ಗುಡುಗುಡು ಉರುಳಿ ಬಂದು, ಕರಿಬಸವಯ್ಯನವರ ಕಿವಿಯ ಪಕ್ಕದಿಂದ ಹಾದು, ಮಂಚದ ಕಬ್ಬಿಣದ ಸರಳಿಗೆ ಟಕ್ಕೆಂದು ಬಡಿಯಿತು. ಅವರು ಕಣ್ಣು ತೆರೆಯಲಿಲ್ಲ. ಮುಖ ಬಿಸಿಯಾದಂತಿತ್ತು, ಕಿವಿಯಲ್ಲಿ ಡಬಡಬ ಸದ್ದು. 'ಪರವಾಗಿಲ್ಲ, ಔಷಧಿ ಕೆಲಸ ಮಾಡ್ತಿದೆ,' ಎಂದುಕೊಂಡರು. ನಿದ್ದೆ ಬಂತು. ನಿದ್ದೆಯಲ್ಲಿ ಬ್ರೇಕಿಲ್ಲದ ಆಟೋದಲ್ಲಿ ಕೂತು ಯಾವುದೋ ಇಳಿಜಾರಿನಲ್ಲಿ ಹಿಮ್ಮುಖವಾಗಿ ಜಾರುತ್ತಿದ್ದರು. ಡ್ರೈವರ್ ಕನ್ನಡಿಯಲ್ಲಿ ನೋಡುತ್ತಿದ್ದ.

"ಅಂಕಲ್, ಏಳಬೇಡಿ. ಹಾಗೇ ಇರಿ. ಕಣ್ಣು ಮಾತ್ರ ಬಿಡಿ."

ಮಸುಕು ಬೆಳಕಿನಲ್ಲಿ ಕ್ಲಿನಿಕ್ಕಿನ ಸುರಭಿ ಕೈಯಲ್ಲಿ ಮಿಷನ್ ಹಿಡಿದು ನಿಂತಿದ್ದಳು. ಬಾಗಿಲಲ್ಲಿ ಗಿರಿಜಾದೇವಿ, ಅವರ ಹಿಂದೆ ಅನಂತರಾಮು, ಅವರ ಭುಜದ ಮೇಲಿಂದ ಕೆಂಪರಾಜು. ರಿಸಲ್ಟ್ ನೋಡಲು ಬಂದವರ ಗುಂಪು. ಮಿಷನ್ ಟಿಕ್ ಟಿಕ್ ಎಂದಿತು. ಸುರಭಿ ಹುಬ್ಬು ಗಂಟಿಕ್ಕಿ ಇನ್ನೊಂದು ಸಲ ನೋಡಿದಳು. ಆಮೇಲೆ ಮತ್ತೊಂದು ಸಲ.

"ಏನಮ್ಮ?" ಎಂದರು ಕರಿಬಸವಯ್ಯ.

"ತುಂಬಾ ಏರಿದೆ, ಅಂಕಲ್. ಬೆಳಗ್ಗೆಗಿಂತ ತುಂಬಾ. ತಡೀರಿ, ಮೇಡಂಗೆ ಫೋನ್ ಮಾಡ್ತೀನಿ."

ಕರಿಬಸವಯ್ಯನವರಿಗೆ ಅಪ್ಪ ಗೋಡೆ ಸವರಿಕೊಂಡು ಬಚ್ಚಲಿಗೆ ಹೋಗುತ್ತಿದ್ದುದು ಕಣ್ಣ ಮುಂದೆ ಬಂತು. ಆಟೋಗೆ ಕುಂಡೆ ಕೊಟ್ಟು ಹತ್ತಿದ್ದು, ಮುದುಕಿಯಿಂದ ಕೂದಲು ಕೀಳಿಸಿಕೊಂಡಿದ್ದು, ಎಲ್ಲ ದಂಡ.

"ಬೆಳಗಿನಿಂದ ತಲೆ ಬಗ್ಗಿಸಿಲ್ಲಮ್ಮ ನಾನು! ದೇವರಾಣೆಗೂ ಇಲ್ಲ. ಕೇಳು ಇವರನ್ನ!"

"ಇಲ್ಲ, ನಾನೇ ಸಾಕ್ಷಿ," ಎಂದರು ಅನಂತರಾಮು.

ಡಾಕ್ಟರು ವಿಡಿಯೋ ಕಾಲಿನಲ್ಲಿ ಬಂದರು. "ಅಷ್ಟೊಂದಾ? ಇಟ್ಟಿಗೆ ಇಟ್ಟಿದ್ದಾರಾ? ಸರಿ, ಆಪರೇಷನ್ ಬಗ್ಗೆ ಯೋಚನೆ ಮಾಡಲೇಬೇಕು. ಎಲ್ಲಿ, ಹೇಗೆ ಮಲಗಿದ್ದಾರೆ ತೋರಿಸು. ಲೈಟ್ ಹಾಕು. ಪೂರ್ತಿ ಮಂಚ ಬರಲಿ."

ಸುರಭಿ ಲೈಟ್ ಹಾಕಿ, ಗೋಡೆಗೆ ಬೆನ್ನು ತಾಗಿಸಿ ಮೊಬೈಲ್ ಹಿಡಿದಳು.

"ಫೋನ್ ಸೊಟ್ಟ ಹಿಡಿದಿದ್ದೀಯ. ನೆಟ್ಟಗೆ ಹಿಡಿ."

"ನೆಟ್ಟಗೇ ಹಿಡಿದಿದ್ದೀನಿ ಮೇಡಂ."

"ಇಲ್ಲ, ಸೊಟ್ಟ ಇದೆ. ಅವರ ಕಾಲು ಮೇಲಿದೆ ನೋಡು."

"ಫೋನ್ ನೆಟ್ಟಗಿದೆ, ಮೇಡಂ."

"ಮತ್ತೆ ಸೊಟ್ಟಗಿರೋದು ಏನು?"

ಎಲ್ಲರೂ ಮೊದಲು ಗೋಡೆಯ ಕ್ಯಾಲೆಂಡರ್ ನೋಡಿದರು. ಅದು ನೆಟ್ಟಗೆ ತೂಗುತ್ತಿತ್ತು. ಆಮೇಲೆ ಮಂಚ ನೋಡಿದರು.

ಆ ಮಂಚದ ಎತ್ತರದ ತಲೆಹಲಗೆಯನ್ನು ದಕ್ಷಿಣಕ್ಕೆ ಹಾಕಿದರೆ ಕಿಟಕಿ ಮುಚ್ಚಿಹೋಗುತ್ತಿತ್ತು. ಅದಕ್ಕೇ ಈ ಬಾಡಿಗೆ ಮನೆಗೆ ಬಂದ ದಿನವೇ ಹಲಗೆಯನ್ನು ಉತ್ತರದ ಗೋಡೆಗೆ ಕೊಟ್ಟಿದ್ದರು. ಆದರೆ ಉತ್ತರಕ್ಕೆ ತಲೆ ಹಾಕಿ ಮಲಗುವುದುಂಟೇ? ಅಂದಿನಿಂದ ಗಂಡ ಹೆಂಡತಿ ಹಲಗೆಯ ಕಡೆ ಕಾಲು ಚಾಚಿ, ಕಾಲ ಕಡೆಯ ಸರಳಿಗೆ ತಲೆ ಕೊಟ್ಟು ಮಲಗುತ್ತಿದ್ದರು. ಅನಂತರಾಮು ಬಂದು ಕಣ್ಣಿಗೆ ಕಂಡ ಹಲಗೆಯ ಕೆಳಗೆ ಬ್ಲಾಕ್ ಇಡಿಸಿ ಹೋಗಿದ್ದರು. ಕರಿಬಸವಯ್ಯನವರು ಮಧ್ಯಾಹ್ನವೆಲ್ಲ ಕಾಲು ಮೇಲೆ, ತಲೆ ಕೆಳಗೆ ಮಾಡಿಕೊಂಡು ನಿದ್ದೆ ಹೊಡೆದಿದ್ದರು. ನೀಲಕಂಠಪ್ಪ ಹೇಳಿದ ಆಸನ, ಮಲಗಿಕೊಂಡು.

"ಹಲಗೆ ಇರೋ ಕಡೆ ತಲೆ ಅಲ್ವೇನ್ರೀ?" ಎಂದರು ಅನಂತರಾಮು, ಮೆಲ್ಲಗೆ.

"ಉತ್ತರಕ್ಕೆ ಯಾರಾದ್ರೂ ತಲೆ ಹಾಕ್ತಾರೇನ್ರೀ?" ಎಂದರು ಗಿರಿಜಾದೇವಿ, ಮೆಲ್ಲಗಲ್ಲ.

"ನನ್ನನ್ನ ಮೊದಲು ಎಬ್ಬಿಸ್ತೀರಾ?" ಎಂದು ಕೂಗಿದರು ಕರಿಬಸವಯ್ಯ, ಕೆಳಗಿನಿಂದ.

ಎಬ್ಬಿಸಿ ಕೂರಿಸಿದರು. ಸ್ವಲ್ಪ ಹೊತ್ತು ಬಿಟ್ಟು ಸುರಭಿ ಮತ್ತೆ ಅಳೆದಳು. ಬೆಳಗಿನ ಮಟ್ಟಕ್ಕೇ ಇಳಿದಿತ್ತು. ಡಾಕ್ಟರು ಫೋನಿನಲ್ಲೇ ಹಣೆ ಒತ್ತಿಕೊಂಡರು. "ನಗಬೇಕೋ ಬಯ್ಯಬೇಕೋ ಗೊತ್ತಾಗ್ತಿಲ್ಲ. ತಲೆ ಕೆಳಗಾದ್ರೆ ಏನಾಗುತ್ತೆ ಅಂತ ನೀವೇ ತೋರಿಸಿಕೊಟ್ರಿ. ಇವತ್ತಿನದು ಲೆಕ್ಕಕ್ಕಿಲ್ಲ. ಆಪರೇಷನ್ ಬೇಕೋ ಬೇಡವೋ ನಾಳೆ ಹೇಳ್ತೀನಿ. ನಾಳೆ ಸಂಜೆ ಸುರಭಿ ಮತ್ತೆ ಬರ್ತಾಳೆ. ಅಲ್ಲೀವರೆಗೆ ಇದೇ ಪಥ್ಯ. ಬಗ್ಗೋ ಹಾಗಿಲ್ಲ, ಎತ್ತೋ ಹಾಗಿಲ್ಲ. ಮಂಚ ಮಾತ್ರ ದಯವಿಟ್ಟು ಸರಿ ಮಾಡಿಸಿ."

ಇನ್ನೂ ಒಂದು ದಿನ! ಆದರೂ ಆಪರೇಷನ್ ಒಂದು ದಿನ ಮುಂದಕ್ಕೆ ಹೋಯಿತಲ್ಲ ಎಂದು ಕರಿಬಸವಯ್ಯನವರು ದೀರ್ಘವಾಗಿ ಉಸಿರು ಬಿಟ್ಟರು. ಸುರಭಿ ಹೊರಟಳು.

"ತಪ್ಪು ನನ್ನದು. ಸರಿ ಮಾಡೋದೂ ನಂದೇ," ಎಂದರು ಅನಂತರಾಮು ಅಂಗಿಯ ತೋಳು ಮಡಚುತ್ತ. "ನೀವಿಬ್ಬರೂ ಹೊರಗೆ ಕೂತ್ಕೊಳ್ಳಿ. ನೀವು ಬಗ್ಗೋ ಹಾಗಿಲ್ಲ, ಇವರು ಬಯ್ಯದೇ ಇರೋ ಹಾಗಿಲ್ಲ. ಕೆಂಪರಾಜು, ಇನ್ನೆರಡು ಬ್ಲಾಕ್ ತಗೊಂಡ್ ಬಾ."

"ಇನ್ನೆರಡಾ? ಇರೋದನ್ನೇ ಆ ಕಡೆಗೆ..." ಎಂದು ಕರಿಬಸವಯ್ಯನವರು ಬಾಯಿ ತೆರೆಯುವಷ್ಟರಲ್ಲಿ ಬಾಗಿಲು ಮುಚ್ಚಿತು. ಒಳಗೆ ಮಂಚ ನರಳಿತು, ಕೆಂಪರಾಜು ಏದುಸಿರು ಬಿಟ್ಟ, ಏನೋ ದಡಾರೆಂದಿತು. ಕೊನೆಗೆ ಅನಂತರಾಮು ಕೈ ಕೊಡವಿಕೊಳ್ಳುತ್ತ, ಪರೀಕ್ಷೆ ಪಾಸಾದ ಹುಡುಗನ ಮುಖ ಮಾಡಿಕೊಂಡು ಹೊರಬಂದರು.

"ಉತ್ತರ ದಕ್ಷಿಣ ಅನ್ನೋ ತಕರಾರೇ ಬೇಡ ಅಂತ ನಾಲ್ಕೂ ಕಾಲಿಗೆ ಇಟ್ಬಿಟ್ಟೆ. ಇನ್ನು ನೀವು ಯಾವ ಕಡೆ ತಲೆ ಹಾಕಿದ್ರೂ ಎತ್ತರವೇ!"

ಕರಿಬಸವಯ್ಯನವರು ಅವರ ಮುಖವನ್ನೇ ನೋಡಿದರು.

"ಅನಂತರಾಮು ಅವ್ರೇ..."

"ಥ್ಯಾಂಕ್ಸ್ ಗೀಂಕ್ಸ್ ಏನೂ ಬೇಡ. ಅಕ್ಕಪಕ್ಕದೋರು ಇರೋದು ಮತ್ಯಾತಕ್ಕೆ?" ಎಂದು ಅವರು ಮಹಡಿ ಹತ್ತಿದರು. ಕೆಂಪರಾಜು ಅದಾಗಲೇ ಬೀದಿ ದಾಟಿದ್ದ.

ಕರಿಬಸವಯ್ಯನವರು ಒಳಗೆ ಹೋದರು. ಸೊಂಟದ ಹತ್ತಿರಕ್ಕೆ ಬಂದಿದ್ದ ಮಂಚಕ್ಕೆ ಕೈ ಆನಿಸಿದರು. ಆಮೇಲೆ ಕಿಟಕಿಯ ಹತ್ತಿರ ಬಿದ್ದಿದ್ದ ಡ್ರಾಪ್ಸಿನ ಬಾಟಲಿಯನ್ನು, ನೆಟ್ಟಗೆ ಕುಕ್ಕರುಗಾಲಿನಲ್ಲಿ ಕುಸಿದು, ಕೈಯಿಂದಲೇ ತಡಕಿ ಎತ್ತಿಕೊಂಡರು. ಅದನ್ನು ಹಾಸಿಗೆಯ ನಡುಮಧ್ಯ ಅಡ್ಡ ಮಲಗಿಸಿ, ಕೈ ಬಿಟ್ಟು, ಕಿವಿಗೊಟ್ಟು ಕಾದರು.

ಬಾಟಲಿ ಆ ಕಡೆಗೂ ಉರುಳಲಿಲ್ಲ, ಈ ಕಡೆಗೂ ಉರುಳಲಿಲ್ಲ.